ಮೂರನೇ ಸೈಜಿನ ಶೂ

ಅಜ್ಜಿಗೆ ಕಣ್ಣಿನ ಪೊರೆ ಆಪರೇಷನ್ ಆಗಿ ಒಂಬತ್ತು ದಿನ ಆಗಿತ್ತು. ಸದ್ಯಕ್ಕೆ ಕಾರು ಓಡಿಸಬೇಡಿ ಅಂತ ಡಾಕ್ಟರು ಹೇಳಿದ್ದರು. ಹಾಗಾಗಿ ಅವರಿಗೆ ಸನ್ಮಾನ ಇದ್ದ ದಿನ ಅವರನ್ನು ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು.

ಅಜ್ಜಿ ಅಂದರೆ ನನ್ನ ಸ್ವಂತ ಅಜ್ಜಿಯಲ್ಲ. ನ್ಯೂಜೆರ್ಸಿಯಲ್ಲಿ ನಮ್ಮ ಎದುರು ಮನೆಯವರು. ಯಹೂದಿ ಹೆಂಗಸು, ವಯಸ್ಸು 79. ಇಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದೇ ಕರೆಯುತ್ತಾರೆ, ಹತ್ತು ವರ್ಷದ ನನ್ನ ಮಗನೂ ಸೇರಿ. ನನಗೆ ಮಾತ್ರ ನಾಲಿಗೆ ಹೊರಳಲಿಲ್ಲ. ಮೊದಲ ವರ್ಷ ಪೂರ್ತಿ ಏನೂ ಕರೆಯದೆ, ಸುಮ್ನೆ ಕೈ ಬೀಸಿ ಕಾಲ ತಳ್ಳಿದೆ. ಒಂದು ದಿನ ಬಾಯಿ ತಪ್ಪಿ ‘ಅಜ್ಜಿ’ ಅಂದುಬಿಟ್ಟೆ. ಹಾಗಂದರೆ ಏನು ಅಂತ ಕೇಳಿದರು, ಹೇಳಿದೆ. “ಇರಲಿ, ಹಾಗೇ ಕರಿ” ಅಂದರು.

ಸನ್ಮಾನ ಅಂದರೆ ನನಗೆ ಗೊತ್ತಿರುವುದು ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಅವರಲ್ಲಿ ಇದ್ಯಾವುದೂ ಇಲ್ಲ, ಊಟ ಹಾಕಿ ಕೈಗೊಂದು ಫಲಕ ಕೊಡುತ್ತಾರೆ ಅಷ್ಟೇ ಅಂತ ಗೊತ್ತಾದಾಗ ನನಗೇ ಒಂಥರಾ ಕಸಿವಿಸಿಯಾಯಿತು. ಅಪ್ಪ ಮೇಷ್ಟರ ಕೆಲಸದಿಂದ ರಿಟೈರ್ ಆದ ದಿನ ಹೊದಿಸಿದ್ದ ಶಾಲು ನನ್ನ ಬೀರುವಿನಲ್ಲಿತ್ತು. ಅದನ್ನೇ ತೆಗೆದುಕೊಂಡು ಹೋಗಿ, ಅವರ ಮನೆ ಬಾಗಿಲಲ್ಲೇ ಹೊದಿಸಿ ಕಾಲು ಮುಟ್ಟಿದೆ. ಅಜ್ಜಿ ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದರು. ಏನೋ ಬಿದ್ದುಹೋಯಿತು, ಹುಡುಕುತ್ತಿದ್ದೀನಿ ಅಂದುಕೊಂಡಿದ್ದರಂತೆ!

ಅವರ ಸಂಘದ ಹೆಸರು ನ್ಯಾಷನಲ್ ಕೌನ್ಸಿಲ್ ಆಫ್ ಜ್ಯೂಯಿಷ್ ವಿಮೆನ್. ಹಳಬರೆಲ್ಲ ಬರೀ ‘ಕೌನ್ಸಿಲ್’ ಅನ್ನುತ್ತಾರೆ. ಅಮೆರಿಕದ ಊರೂರುಗಳಲ್ಲಿ ಅದರ ಶಾಖೆಗಳಿವೆ. ಸಂಘ ಕಟ್ಟಿದ ಹನ್ನಾ ಸಾಲೊಮನ್ ಅವರ ಹೆಸರಲ್ಲಿ, ಊರಿಗಾಗಿ ದುಡಿದವರಿಗೆ ಶಾಖೆಗಳು ಪ್ರಶಸ್ತಿ ಕೊಡುವುದುಂಟು. ಈ ಸಲ ಅದು ಅಜ್ಜಿಗೆ ಬಂದಿತ್ತು.

ನನಗೆ ಈ ಕೌನ್ಸಿಲ್ ಪರಿಚಯ ಆದದ್ದು ಸ್ವಲ್ಪ ನಾಚಿಕೆಯ ಕಥೆ. 2022ರ ಮೇ ತಿಂಗಳು. ಗರ್ಭಪಾತದ ಹಕ್ಕನ್ನು ಇಲ್ಲಿನ ಸುಪ್ರೀಂ ಕೋರ್ಟ್ ಕಿತ್ತುಹಾಕುತ್ತದೆ ಅನ್ನುವ ಸುದ್ದಿ ಸೋರಿ ಎಲ್ಲ ಕಡೆ ಅದೇ ಮಾತು. ಮೇ 17ಕ್ಕೆ ಕೌನ್ಸಿಲ್‌ನವರು ವಾಷಿಂಗ್ಟನ್‌ನಲ್ಲಿ ದೊಡ್ಡ ಸಭೆ ಇಟ್ಟುಕೊಂಡಿದ್ದರು. ಅಜ್ಜಿ ಬಾಗಿಲು ತಟ್ಟಿ, “ಬಸ್ಸಲ್ಲಿ ಒಂದು ಸೀಟಿದೆ, ಬರ್ತೀಯಾ?” ಅಂದರು. ನಾವು ಗ್ರೀನ್ ಕಾರ್ಡ್ ಸಾಲಿನಲ್ಲಿ ಕೂತವರು. ಊರ ಉಸಾಬರಿ ನಮಗ್ಯಾಕೆ ಅನ್ನುವುದು ಮನೆಯ ಅಲಿಖಿತ ಕಾನೂನು. “ಇದು ನಿಮ್ಮ ವಿಷಯ ಅಲ್ವಾ, ನಾನು ಬಂದು ಏನು ಮಾಡಲಿ” ಅಂದೆ.

ಅಜ್ಜಿ ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. “ಐರ್‌ಲೆಂಡಿನಲ್ಲಿ ತೀರಿಕೊಂಡಳಲ್ಲ, ಆ ಹಲ್ಲಿನ ಡಾಕ್ಟರ್ ಹುಡುಗಿ ಸವಿತಾ. ಅವಳು ನಿಮ್ಮ ಕಡೆಯವಳೇ ಅಲ್ಲವಾ?” ಅಂತ ಕೇಳಿದರು.

ಹೌದು, ನಮ್ಮ ಕಡೆಯವಳೇ. ಬೆಳಗಾವಿಯ ಮಗಳು ಸವಿತಾ ಹಾಲಪ್ಪನವರ್. ಗರ್ಭ ನಿಲ್ಲುವುದಿಲ್ಲ ಅಂತ ಖಚಿತವಾಗಿದ್ದರೂ, ಮಗುವಿನ ಎದೆಬಡಿತ ಇನ್ನೂ ಇದೆ, ಕಾನೂನು ಬಿಡುವುದಿಲ್ಲ ಅಂತ ಅಲ್ಲಿನ ಡಾಕ್ಟರುಗಳು ಗರ್ಭ ತೆಗೆಯಲು ಒಪ್ಪಲಿಲ್ಲ. ನಂಜೇರಿ 2012ರ ಅಕ್ಟೋಬರ್ 28ರಂದು ಗಾಲ್ವೆಯಲ್ಲಿ ತೀರಿಕೊಂಡಳು. ಆಗ ಅವಳಿಗೆ 31 ವರ್ಷ. 2018ರ ಮೇನಲ್ಲಿ ಐರ್‌ಲೆಂಡಿನ ಜನ ಓಟು ಹಾಕಿ ಆ ಕಾನೂನನ್ನು ತೆಗೆದುಹಾಕಿದಾಗ, ಡಬ್ಲಿನ್‌ನಲ್ಲಿ ಗೋಡೆ ಮೇಲೆ ಬರೆದಿದ್ದ ಅವಳ ಚಿತ್ರದ ಸುತ್ತ ಚೀಟಿಗಳನ್ನು ಅಂಟಿಸಿ ಕ್ಷಮೆ ಕೇಳಿದ್ದರು. ಇದೆಲ್ಲ ಓದಿ ಅತ್ತವಳು ನಾನು. ಆದರೆ ಎದುರು ಮನೆಯ ಯಹೂದಿ ಅಜ್ಜಿಯ ಬಾಯಲ್ಲಿ ಆ ಹೆಸರು ಬರುತ್ತದೆ ಅಂತ ನೆನೆಸಿರಲಿಲ್ಲ. “ತಾಯಿಯ ಜೀವಕ್ಕೆ ಕುತ್ತು ಬಂದರೆ ಮೊದಲು ತಾಯಿ ಅಂತ ನಮ್ಮ ಶಾಸ್ತ್ರವೇ ಹೇಳುತ್ತೆ. ನಮ್ಮ ಧರ್ಮದ ಪ್ರಕಾರ ನಡೆಯೋಕೂ ಬಿಡದ ಕಾನೂನು ಮಾಡ್ತಾರಂತೆ” ಅಂತ ಗೊಣಗುತ್ತಾ ಹೋದರು.

ನಾನು ಹೋದೆನಾ? ಇಲ್ಲ. ಅಜ್ಜಿ ಬೆಳಗಿನ ಜಾವ ನಾಲ್ಕಕ್ಕೆ ಮಡಚುವ ಕುರ್ಚಿ ಹಿಡಿದು ಬಸ್ಸು ಹತ್ತಿದರು. ನಾನು ಅವರ ಬೆಕ್ಕಿಗೆ ಎರಡು ಹೊತ್ತು ಊಟ ಹಾಕಿದೆ. ಅಷ್ಟೇ ನನ್ನ ಹೋರಾಟ. ಆ ಮುಜುಗರ ಕಳೆದುಕೊಳ್ಳುವುದಕ್ಕೇ ಇರಬೇಕು, ಜುಲೈನಲ್ಲಿ ‘ಸ್ಟೋರ್‌ಗೆ ಕೈ ಬೇಕು’ ಅಂದಾಗ ತಕ್ಷಣ ಹ್ಞೂಂ ಅಂದೆ.

ಸ್ಟೋರ್ ಅಂದರೆ ಬೇಸಿಗೆ ರಜೆಯಲ್ಲಿ ಒಂದು ದಿನಕ್ಕೆ ಮಾತ್ರ ತೆರೆಯುವ ಅಂಗಡಿ. ಸ್ಕೂಲು ಶುರುವಾಗುವ ಮೊದಲು, ದುಡ್ಡಿಗೆ ಕಷ್ಟವಿರುವ ಮನೆಗಳ ಮಕ್ಕಳಿಗೆ ಹೊಸ ಬಟ್ಟೆ, ಚಳಿಗಾಲದ ಕೋಟು, ಶೂ, ಬ್ಯಾಗು, ಪೆನ್ಸಿಲ್ಲು, ಪುಸ್ತಕ. ಎಲ್ಲವೂ ಉಚಿತ. ಕೌನ್ಸಿಲ್‌ನ ಹಲವು ಶಾಖೆಗಳು ಇದನ್ನು ನಡೆಸುತ್ತವೆ. ಉಚಿತ ಕೊಡುವುದು ದೊಡ್ಡದಲ್ಲ, ಕೊಡುವ ರೀತಿ ನೋಡಬೇಕು. ನಿಜವಾದ ಅಂಗಡಿಯ ಹಾಗೇ ಜೋಡಿಸಿರುತ್ತಾರೆ. ಒಂದೊಂದು ಮಗುವಿನ ಜೊತೆ ಒಬ್ಬೊಬ್ಬರು ಸ್ವಯಂಸೇವಕರು. ಅಪ್ಪ ಅಮ್ಮ ಒಳಗೆ ಬರುವ ಹಾಗಿಲ್ಲ. ಅವರಿಗೆ ಪಕ್ಕದ ಕೋಣೆಯಲ್ಲಿ ಕಾಫಿ, ಜೊತೆಗೆ ಆರೋಗ್ಯ, ಬಾಡಿಗೆ, ಕೋರ್ಟು ಕಚೇರಿ ಇಂಥವುಗಳ ಬಗ್ಗೆ ಹೇಳಿಕೊಡುವ ಟೇಬಲ್ಲುಗಳು. ಆರಿಸುವುದು ಮಗುವೇ. ನಾವು ಬುಟ್ಟಿ ಹಿಡಿಯುವವರು.

ನನಗೆ ಸಿಕ್ಕವಳು ಏಳು ವರ್ಷದ ಹುಡುಗಿ, ನ್ಯೂವಾರ್ಕ್ ಕಡೆಯವಳು. ಕೋಟು, ಬ್ಯಾಗು ಎಲ್ಲ ಸರಾಗವಾಗಿ ಆಯಿತು. ಶೂ ವಿಭಾಗ ಅಜ್ಜಿಯದು. ಹತ್ತಾರು ವರ್ಷದಿಂದ ಅವರು ಕೂರುವುದು ಅಲ್ಲೇ, ಒಂದು ಪುಟ್ಟ ಸ್ಟೂಲಿನ ಮೇಲೆ, ಮಕ್ಕಳ ಕಾಲಿನ ಎತ್ತರಕ್ಕೆ. ಅವರದೊಂದು ಪದ್ಧತಿ. ಯಾವ ಮಗು ಬಂದರೂ ಮೊದಲು ಕೈಗೆ ಹೊಸ ಸಾಕ್ಸ್ ಕೊಡುತ್ತಾರೆ. “ಇದು ಹಾಕ್ಕೋ, ನಾನು ಅಷ್ಟರಲ್ಲಿ ಅಳತೆ ಪಟ್ಟಿ ಹುಡುಕ್ತೀನಿ” ಅಂತ ಬೆನ್ನು ತಿರುಗಿಸುತ್ತಾರೆ. ಅಳತೆ ಪಟ್ಟಿ ಅವರ ಮಡಿಲಲ್ಲೇ ಇರುತ್ತದೆ. ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ನಮ್ಮ ಹುಡುಗಿ ಹಳೇ ಶೂ ಬಿಚ್ಚುವಾಗ ನೋಡಿದೆ. ಸಾಕ್ಸಿನ ಹೆಬ್ಬೆರಳ ಹತ್ತಿರ ತೂತು. ಅದು ಕಾಣದಿರಲಿ ಅಂತ ಬೆರಳನ್ನು ಒಳಕ್ಕೆ ಮಡಚಿಕೊಂಡಿದ್ದಳು.

ಆಮೇಲೆ ನಾನು ಮಾಡಿದ್ದು ಕೇಳಿ. ಅವಳು ನೇರಳೆ ಬಣ್ಣದ, ಮಿಣಮಿಣ ಅನ್ನುವ, ಹೆಜ್ಜೆ ಇಟ್ಟರೆ ಲೈಟು ಹತ್ತುವ ಶೂ ಎತ್ತಿಕೊಂಡಳು. ನಾನು ಕಪ್ಪು ಶೂ ತೋರಿಸಿ, “ಇದು ಗಟ್ಟಿಯಾಗಿದೆ ಪುಟ್ಟಾ, ಕೊಳೆ ಕಾಣಲ್ಲ, ಎಲ್ಲ ಬಟ್ಟೆಗೂ ಹೊಂದುತ್ತೆ” ಅಂತ ಶುರು ಮಾಡಿದೆ. ಹುಡುಗಿ ಮಾತಾಡದೆ ನೇರಳೆ ಶೂ ವಾಪಸ್ ಇಡಲು ಹೋದಳು. ಅಜ್ಜಿ ಸ್ಟೂಲಿನಿಂದ ತಲೆ ಎತ್ತದೆ ನನ್ನನ್ನು ಕೇಳಿದರು: “ಆ ಶೂ ಹಾಕ್ಕೊಂಡು ಸ್ಕೂಲಿಗೆ ಹೋಗೋದು ನೀನಾ?”

ಆ ಕ್ಷಣಕ್ಕೆ ನೆನಪಾದದ್ದು ನನ್ನ ಐದನೇ ಕ್ಲಾಸು. ತುಮಕೂರು ಜಿಲ್ಲೆಯ ಒಂದು ಊರು, ಸರ್ಕಾರಿ ಶಾಲೆ. ಅಪ್ಪ ಮೇಷ್ಟರೇ ಆದರೂ ಸಂಬಳವೆಲ್ಲ ಅತ್ತೆಯಂದಿರ ಮದುವೆ ಸಾಲಕ್ಕೆ ಹೋಗುತ್ತಿದ್ದ ಕಾಲ. ಯಾರೋ ದಾನಿಗಳು ನೋಟ್‌ಬುಕ್ ಹಂಚಲು ಬಂದಿದ್ದರು. ಹಿಂದೆ ಬ್ಯಾನರ್ ಕಟ್ಟಿದ್ದರು, ‘ಬಡ ಮಕ್ಕಳಿಗೆ ಉಚಿತ ಪುಸ್ತಕ ವಿತರಣೆ’ ಅಂತ. ಮೈಕಿನಲ್ಲಿ ಹೆಸರು ಕರೆದರು. ನನ್ನ ಹವಾಯಿ ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿ ಪಿನ್ನು ಹಾಕಿದ್ದೆ. ವೇದಿಕೆಯ ಮೆಟ್ಟಿಲಲ್ಲಿ ಆ ಪಿನ್ನು ಬಿಚ್ಚಿಕೊಂಡಿತು. ಒಂದು ಚಪ್ಪಲಿ ಎಳೆದುಕೊಂಡೇ ಹೋದೆ. ಪುಸ್ತಕ ಕೈಗೆ ಬಂದ ಮೇಲೂ ಬಿಡಲಿಲ್ಲ, ಫೋಟೋದವನಿಗೆ ಫ್ಲ್ಯಾಷ್ ಹತ್ತಲಿಲ್ಲ ಅಂತ ಇನ್ನೊಂದು ಸಲ ಕೊಡುವ ಹಾಗೆ, ತೆಗೆದುಕೊಳ್ಳುವ ಹಾಗೆ ನಿಲ್ಲಿಸಿದರು. ಆ ನೋಟ್‌ಬುಕ್ಕುಗಳಲ್ಲೇ ಓದಿದೆ, ಋಣ ಇಲ್ಲ ಅಂತಲ್ಲ. ಆದರೆ ಬ್ಯಾನರಿನ ಆ ಮೊದಲ ಪದ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಇಷ್ಟೆಲ್ಲ ಅನುಭವಿಸಿದವಳು, ಕೊಡುವ ಕಡೆ ನಿಂತ ಅರ್ಧ ಗಂಟೆಯಲ್ಲೇ ‘ಕೊಳೆ ಕಾಣಲ್ಲ’ ಅನ್ನುವಷ್ಟು ಜಾಣೆಯಾಗಿದ್ದೆ, ನೋಡಿ.

ಹುಡುಗಿ ನೇರಳೆ ಶೂ ಹಾಕಿಕೊಂಡೇ ಹೊರಟಳು. ಬಾಗಿಲವರೆಗೂ ಲೈಟು ಹತ್ತಿಸಲು ಧಪಧಪ ಅಂತ ಹೆಜ್ಜೆ ಹಾಕುತ್ತಿದ್ದಳು.

ಸನ್ಮಾನದ ದಿನಕ್ಕೆ ಬರುತ್ತೇನೆ. ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದ ಹಾಲ್. ನೂರೈವತ್ತು ಜನ ಇದ್ದಿರಬಹುದು, ಬಹಳಷ್ಟು ಬಿಳಿ ತಲೆಗಳೇ. ಎಸಿ ಎಷ್ಟು ಜೋರಾಗಿತ್ತು ಅಂದರೆ, ಅಜ್ಜಿ ನಮ್ಮ ಅಪ್ಪನ ಶಾಲನ್ನು ಕಿವಿವರೆಗೂ ಹೊದ್ದುಕೊಂಡೇ ಕೂತರು. ಊಟಕ್ಕೇನು ಗತಿ ಅಂತ ನನಗೆ ಚಿಂತೆಯಿತ್ತು. ಆದರೆ ಅವರ ಕೋಷರ್ ಮಡಿಯ ಪ್ರಕಾರ ಹಾಲಿನ ಪದಾರ್ಥ ಇದ್ದ ಕಡೆ ಮಾಂಸ ಬರುವ ಹಾಗಿಲ್ಲ. ಬಚಾವಾದೆ ಅಂದುಕೊಂಡು ತಟ್ಟೆ ಹಿಡಿದರೆ ಅಲ್ಲಿ ಮೀನು! ಮೀನು ಮಾಂಸದ ಲೆಕ್ಕಕ್ಕೆ ಬರುವುದಿಲ್ಲವಂತೆ. ಬಂಗಾಳದ ಬ್ರಾಹ್ಮಣರನ್ನು ನೆನೆಸಿಕೊಂಡು, ಬೇಗಲ್ ಮತ್ತು ಚೀಸ್ ತಿಂದು ಎದ್ದೆ.

ಭಾಷಣಗಳು ಉದ್ದವಿರಲಿಲ್ಲ. ಸಂಘ ಹುಟ್ಟಿದ ಕಥೆ ಹೇಳಿದರು. 1893, ಚಿಕಾಗೋ, ಸರ್ವಧರ್ಮ ಸಮ್ಮೇಳನ ಅಂದ ತಕ್ಷಣ ನನ್ನ ಕಿವಿ ನೆಟ್ಟಗಾಯಿತು. ‘ಅಮೆರಿಕದ ಸಹೋದರಿಯರೇ ಮತ್ತು ಸಹೋದರರೇ’ ಅಂತ ಸ್ಕೂಲಿನ ಭಾಷಣ ಸ್ಪರ್ಧೆಯಲ್ಲಿ ಗಂಟಲು ಹರಿದುಕೊಂಡು ಬಹುಮಾನ ತಗೊಂಡವಳು ನಾನು. ಸೆಪ್ಟೆಂಬರ್ 11, ವಿವೇಕಾನಂದರು. ಅದಕ್ಕೂ ಒಂದು ವಾರ ಮೊದಲು, ಸೆಪ್ಟೆಂಬರ್ 4ರಿಂದ 7ರವರೆಗೆ, ಅದೇ ಸಮ್ಮೇಳನದ ಭಾಗವಾಗಿ ಅದೇ ಊರಲ್ಲಿ ಯಹೂದಿ ಹೆಂಗಸರ ಸಭೆ ನಡೆದಿತ್ತು ಅನ್ನುವುದು ನನಗೆ ಅಲ್ಲಿಯವರೆಗೂ ಗೊತ್ತೇ ಇರಲಿಲ್ಲ. ಅದನ್ನು ಕಟ್ಟಿದವರು ಹನ್ನಾ ಸಾಲೊಮನ್, ಆಗ 35 ವರ್ಷ. ಅವರು ಮೊದಲು ಗಂಡಸರ ಸಮಿತಿಯ ಜೊತೆ ಸೇರಿ ಕೆಲಸ ಮಾಡಲು ಹೋಗಿದ್ದರು. ಅಲ್ಲಿ ಹೆಂಗಸರಿಗೆ ಭಾಷಣದ ಅವಕಾಶವಿಲ್ಲ, ಅತಿಥಿಗಳನ್ನು ಉಪಚರಿಸುವ ಕೆಲಸ ಮಾತ್ರ ಅಂತಾಯಿತು. ನಾವು ಈ ಸಭೆಗೆ ಬಂದಿದ್ದೆವು ಅನ್ನುವುದನ್ನೇ ನಡಾವಳಿ ಪುಸ್ತಕದಿಂದ ತೆಗೆದುಹಾಕಿ ಅಂತ ಹೇಳಿ ಎದ್ದು ಬಂದರು. ತಾವೇ ಊರೂರಿಗೆ ಪತ್ರ ಬರೆದು ಹೆಂಗಸರನ್ನು ಸೇರಿಸಿದರು. ಆ ಸಭೆಯಿಂದಲೇ ಕೌನ್ಸಿಲ್ ಹುಟ್ಟಿತು.

ಪಕ್ಕದಲ್ಲಿ ಅಜ್ಜಿ ನನ್ನ ಕಿವಿಯಲ್ಲಿ, “ನನಗೆ ಹನ್ನಾಗಿಂತ ಹಡಗುಕಟ್ಟೆಯವಳ ಮೇಲೆ ಪ್ರೀತಿ ಜಾಸ್ತಿ” ಅಂದರು. ಅದು ಅವರ ಮನೆಯ ಕಥೆ. ಅವರ ಅಜ್ಜಿ 1907ರಲ್ಲಿ, ಹದಿನೇಳು ವರ್ಷಕ್ಕೆ, ಒಬ್ಬಳೇ ಎಲ್ಲಿಸ್ ಐಲ್ಯಾಂಡಿನಲ್ಲಿ, ಅಂದರೆ ವಲಸೆ ಬಂದವರನ್ನು ತಪಾಸಣೆ ಮಾಡಿ ಒಳಗೆ ಬಿಡುತ್ತಿದ್ದ ನ್ಯೂಯಾರ್ಕ್ ಬಂದರಿನ ದ್ವೀಪದಲ್ಲಿ, ಇಳಿದಿದ್ದಳು. ಒಂಟಿ ಹುಡುಗಿಯರಿಗೆ ಕೆಲಸದ, ಮದುವೆಯ ಆಸೆ ತೋರಿಸಿ ಕರೆದೊಯ್ದು ಮಾರುವವರು ಬಂದರಿನಲ್ಲಿ ಹೊಂಚು ಹಾಕುತ್ತಿದ್ದ ಕಾಲ. ಕೌನ್ಸಿಲ್ ಅಲ್ಲಿ ತನ್ನ ಹೆಂಗಸರನ್ನು ನಿಲ್ಲಿಸಿತ್ತು. ಯುರೋಪಿನ ಯಹೂದಿಗಳ ಮನೆಮಾತು ಯಿಡ್ಡಿಷ್‌ನಲ್ಲಿ ಮಾತಾಡಿಸಿ, ಎಲ್ಲಿಗೆ ಹೋಗುತ್ತೀ, ಯಾರಿದ್ದಾರೆ ಅಂತ ವಿಚಾರಿಸಿ, ವಿಳಾಸ ಬರೆದುಕೊಂಡು, ಆಮೇಲೆ ಸರಿಯಾಗಿ ತಲುಪಿದಳಾ ಅಂತ ಮನೆಗೇ ಹೋಗಿ ನೋಡುತ್ತಿದ್ದರು. “ನಮ್ಮಜ್ಜಿಗೆ ಅವಳ ಹೆಸರೂ ಗೊತ್ತಿರಲಿಲ್ಲ. ಟೋಪಿಯಲ್ಲಿ ಹಸಿರು ಗರಿ ಇತ್ತು ಅಂತ ಮಾತ್ರ ಸಾಯೋವರೆಗೂ ಹೇಳ್ತಿದ್ದಳು.”

ಅಷ್ಟರಲ್ಲಿ ಇವರ ಹೆಸರು ಕರೆದರು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಜ್ಜಿ ಶಾಲು ಹೊದ್ದುಕೊಂಡೇ ವೇದಿಕೆಗೆ ಹೋದರು. ಫಲಕವನ್ನು ಎದುರಿನ ಮೇಜಿನ ಮೇಲೆ ಮಗುಚಿ ಇಟ್ಟು, ಅದರ ಮೇಲೆ ಒಂದು ಚೀಟಿ ಇಟ್ಟುಕೊಂಡು ಓದಿದರು. ಆಪರೇಷನ್ ಆದ ಕಣ್ಣು, ಚೀಟಿಯನ್ನು ಮೂಗಿನವರೆಗೂ ತಂದರು.

“ಥ್ಯಾಂಕ್ಸ್. ಸ್ಟೋರ್‌ಗೆ ಇನ್ನು ಐದು ವಾರ ಇದೆ. ಕೋಟು ಸಾಕಷ್ಟಿದೆ. ಹುಡುಗರ ಶೂ, ಮೂರನೇ ಸೈಜು, ನಲವತ್ತು ಜೊತೆ ಕಡಿಮೆ ಬಿದ್ದಿದೆ. ನಿಮ್ಮ ಟೇಬಲ್ ಮೇಲೆ ಸೆನೆಟರಿಗೆ ಕಳಿಸೋ ಕಾರ್ಡಿದೆ. ಸಹಿ ಹಾಕದೆ ಕೇಕಿಗೆ ಕೈ ಹಾಕಬೇಡಿ.”

ಮುಗೀತು ಭಾಷಣ. ಜನ ನಕ್ಕರು. ನಮ್ಮ ಟೇಬಲ್ಲಿನ ಐದಾರು ಹೆಂಗಸರು ಪೆನ್ನಿಗಾಗಿ ಬ್ಯಾಗು ತಡಕಾಡತೊಡಗಿದರು. ನನ್ನ ಮುಂದೆಯೂ ಒಂದು ಕಾರ್ಡಿತ್ತು. ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲ. ಸ್ವಲ್ಪ ಹೊತ್ತು ಅದನ್ನೇ ನೋಡಿದೆ, ಆಮೇಲೆ ಪೂರ್ತಿ ಹೆಸರು ಬರೆದೆ, ಅಪ್ಪನ ಹೆಸರೂ ಸೇರಿಸಿ.

ವಾಪಸ್ ಬರುವಾಗ ಫಲಕ ಹಿಂದಿನ ಸೀಟಿನಲ್ಲಿ ಪ್ರತಿ ತಿರುವಿಗೂ ಸರ್ರನೆ ಜಾರುತ್ತಿತ್ತು. “ಮುಂದೆ ಇಟ್ಟುಕೊಳ್ಳಿ ಅಜ್ಜಿ, ಗಾಜು ಒಡೆದೀತು” ಅಂದೆ. ಅವರಿಗೆ ಅದರ ಗಮನವೇ ಇಲ್ಲ. ದಾರಿಯಲ್ಲಿ ರಿಯಾಯಿತಿ ಬೋರ್ಡು ಹಾಕಿದ್ದ ಶೂ ಅಂಗಡಿ ಕಂಡು, “ನಿಲ್ಲಿಸು, ನಿಲ್ಲಿಸು” ಅಂದರು. ಆ ಅಂಗಡಿಯಲ್ಲಿ ಮೂರನೇ ಸೈಜು ಸಿಕ್ಕಿದ್ದು ಹನ್ನೊಂದೇ ಜೊತೆ. ಬಿಲ್ಲು ಕೊಡುವ ಹುಡುಗ, “ಇಷ್ಟೊಂದು ಮೊಮ್ಮಕ್ಕಳಾ?” ಅಂದ. ಅಜ್ಜಿ ಹೌದು ಅಂತ ತಲೆಯಾಡಿಸಿದರು.

ಡಬ್ಬಗಳನ್ನು ಅವರ ಗ್ಯಾರೇಜಿನಲ್ಲಿ ಜೋಡಿಸಿ ಮುಗಿಸುವಷ್ಟರಲ್ಲಿ ಕತ್ತಲಾಯಿತು. ಶಾಲು ವಾಪಸ್ ಕೊಡಲು ಬಂದರು. ಸನ್ಮಾನದ ಶಾಲು ವಾಪಸ್ ತಗೊಳ್ಳೋ ಹಾಗಿಲ್ಲ ಅಂದೆ. “ಹಾಗಾದರೆ ಸರಿ” ಅಂತ ಅದನ್ನು ಮತ್ತೆ ಹೊದ್ದುಕೊಂಡು, “ಇನ್ನೂ ಇಪ್ಪತ್ತೊಂಬತ್ತು” ಅಂದರು.