ಭೂಮಿ ಹುಣ್ಣಿಮೆ ಹೊತ್ತಿಗೆ ಸಾಗರಕ್ಕೆ ಹೋಗುವವರಿಗೆ

ಮಲೆನಾಡಿನ ದೀವರು ಸಮುದಾಯದವರು ಗೋಡೆ, ಬುಟ್ಟಿಗಳ ಮೇಲೆ ಬರೆಯುವ ಹಸೆ ಚಿತ್ತಾರ ನೋಡಬೇಕು, ಶಿವಮೊಗ್ಗ ಜಿಲ್ಲೆಯ ಸಾಗರಕ್ಕೆ ಯಾವಾಗ ಹೋದರೆ ಒಳ್ಳೆಯದು ಅಂತ ಕೇಳುವವರಿಗೆ ನನ್ನ ಸಲಹೆ: ಭೂಮಿ ಹುಣ್ಣಿಮೆಗೆ ನಾಲ್ಕೈದು ದಿನ ಮೊದಲೇ ಹೋಗಿ. ದಸರಾ ಮುಗಿದ ಮೇಲೆ ಬರುವ ಹುಣ್ಣಿಮೆ ಇದು. ಸೀಗೆ ಹುಣ್ಣಿಮೆ ಅಂತಲೂ ಕರೆಯುತ್ತಾರೆ. ತಾರೀಖು ಪ್ರತಿ ವರ್ಷ ಬದಲಾಗುತ್ತದೆ, ಪಂಚಾಂಗ ನೋಡಿಯೇ ಟಿಕೆಟ್ ಮಾಡಿಸಿ. ಹಬ್ಬದ ದಿನವೇ ಹೋದರೆ ಚಿತ್ತಾರದ ಬುಟ್ಟಿ ಸಿದ್ಧವಾಗಿರುತ್ತದೆ, ಬರೆಯುವ ಕೈ ನೋಡಲು ಸಿಗುವುದಿಲ್ಲ.

ನಾವು ಹೋದದ್ದು ದೀವರ ಮನೆಯೊಂದಕ್ಕೆ. ಜಗಲಿಯಲ್ಲಿ ಅಜ್ಜಿಯೊಬ್ಬರು ಈ ಹಬ್ಬದ ಭೂಮಣ್ಣಿ ಬುಟ್ಟಿ ಬರೆಯುತ್ತಿದ್ದರು. ಬುಟ್ಟಿಗೆ ಸಗಣಿ ಬಳಿದು, ಒಣಗಿದ ಮೇಲೆ ಕೆಮ್ಮಣ್ಣು ಹಚ್ಚಿ, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ. ಕುಂಚ ಅಂದರೆ ಪುಂಡಿ ನಾರು, ಅಷ್ಟೇ. ಸ್ಕೇಲ್ ಇಲ್ಲ, ಪೆನ್ಸಿಲ್ ಗುರುತಿಲ್ಲ. ಬುಟ್ಟಿ ಉಬ್ಬಿದ ಕಡೆ ಗೆರೆಯೂ ಬಾಗಬೇಕು. ಆದರೂ ಎರಡು ಎಳೆಗಳ ನಡುವಿನ ಜಾಗ ಕೂದಲಷ್ಟೂ ಹೆಚ್ಚು ಕಡಿಮೆ ಆಗಲಿಲ್ಲ. ನಾನು ಏನೋ ಕೇಳಲು ಹೋದೆ. "ಎಳೆ ಎಳೀವಾಗ ಮಾತಾಡ್ಬಾರ್ದು ತಮ್ಮಾ" ಅಂದರು. ಸುಮ್ನೆ ಕೂತು ನೋಡಿದೆ.

ಹುಣ್ಣಿಮೆಯ ಬೆಳಗಿನ ಜಾವ ಇದೇ ಬುಟ್ಟಿಯಲ್ಲಿ ಅಡುಗೆ ಹೊತ್ತು ಗದ್ದೆಗೆ ಹೋಗುತ್ತಾರೆ. ತೆನೆ ತುಂಬಿದ ಭೂಮಿತಾಯಿ ಬಸುರಿ, ಅವಳಿಗೆ ಬಯಕೆ ಊಟ. ಕರೆದರೆ ಮಾತ್ರ ಜೊತೆಗೆ ಹೋಗಿ. ಅದು ಅವರ ಪೂಜೆ, ಕ್ಯಾಮೆರಾ ಹಿಡಿದು ಮುಂದೆ ಓಡುವ ಜಾಗ ಅಲ್ಲ. ಮನೆಯೊಳಗೆ ಹಸೆ ಗೋಡೆ ಇದ್ದರೂ ಕೇಳಿಯೇ ಫೋಟೋ ತೆಗೆಯಿರಿ. ಹಸೆ ಗೋಡೆ ಅಂದರೆ ಮದುವೆಯಲ್ಲಿ ವಧೂವರರನ್ನು ಕೂರಿಸುವ ಜಾಗದ ಹಿಂದಿನ ಗೋಡೆ. ಈಗ ಸಿಮೆಂಟ್ ಗೋಡೆಗಳೇ ಜಾಸ್ತಿ, ಹಾಗಾಗಿ ಚಿತ್ತಾರ ಕಾಗದಕ್ಕೂ ಬಟ್ಟೆಗೂ ಬಂದಿದೆ. ಸಿರಿವಂತೆ ಊರಲ್ಲಿ ಇದನ್ನೇ ಬದುಕು ಮಾಡಿಕೊಂಡ ಕಲಾವಿದರಿದ್ದಾರೆ. ಮೊದಲೇ ಫೋನ್ ಮಾಡಿ ಹೋಗಿ, ಯಾಕೆಂದರೆ ಇವು ಮನೆಗಳು, ಬಾಗಿಲು ತೆರೆದಿಟ್ಟ ಗ್ಯಾಲರಿಗಳಲ್ಲ.

ಶಿವಮೊಗ್ಗದಿಂದ ಸಾಗರಕ್ಕೆ ಎಪ್ಪತ್ತು ಕಿಲೋಮೀಟರ್ ಚಿಲ್ಲರೆ, ಬಸ್ಸು ಬೇಕಾದಷ್ಟಿವೆ. ಬೆಂಗಳೂರಿನಿಂದ ಬರುವವರು ತಾಳಗುಪ್ಪ ರೈಲು ಹತ್ತಿ ಸಾಗರ ಜಂಬಗಾರು ಸ್ಟೇಷನ್ನಿನಲ್ಲಿ ಇಳಿಯಬಹುದು. ಹಳ್ಳಿಗಳಿಗೆ ಆಟೋ ಮಾತಾಡಿಕೊಳ್ಳಿ, ವಾಪಸ್ ಬರುವುದಕ್ಕೂ ಸೇರಿಸಿ. ಮಳೆ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ, ಕೊಡೆ ಇರಲಿ.

ಒಂದು ದಿನ ಉಳಿದರೆ ಹೆಗ್ಗೋಡು, ಕೆಳದಿ ಎರಡೂ ಹತ್ತಿರ. ಹೆಗ್ಗೋಡಿನಲ್ಲಿ 1949ರಲ್ಲಿ ಶುರುವಾದ ನೀನಾಸಮ್ ನಾಟಕ ಸಂಸ್ಥೆ ಇದೆ. ಅವರ ಸಂಸ್ಕೃತಿ ಶಿಬಿರ ಸಾಮಾನ್ಯವಾಗಿ ಅಕ್ಟೋಬರ್ ಸುಮಾರಿಗೇ ಬರುತ್ತದೆ. ಹೆಸರು ಮೊದಲೇ ನೋಂದಾಯಿಸಬೇಕು, ದಿನಾಂಕ ವಿಚಾರಿಸಿಕೊಂಡರೆ ಒಂದೇ ಓಡಾಟದಲ್ಲಿ ನಾಟಕವೂ ಸಿಗುತ್ತದೆ. ಕೆಳದಿಯಲ್ಲಿ ದೇವಸ್ಥಾನದ ಒಳಛಾವಣಿಯ ಗಂಡಭೇರುಂಡ ನೋಡಿ, ಆಮೇಲೆ ಮ್ಯೂಸಿಯಂನ ತಾಳೆಗರಿಗಳಿಗೆ ಸ್ವಲ್ಪ ಸಮಯ ಕೊಡಿ.

ಚಿತ್ತಾರ ಕೊಳ್ಳುವುದಾದರೆ ಬರೆದವರ ಕೈಯಿಂದಲೇ ಕೊಳ್ಳಿ, ಚೌಕಾಸಿ ಬೇಡ. ಬುಟ್ಟಿ ಬೇಕಿದ್ದರೆ ಹಬ್ಬದ ಬುಟ್ಟಿ ಕೇಳಬೇಡಿ. ಬೇರೆ ಬರೆದುಕೊಡ್ತೀರಾ ಅಂತ ಕೇಳಿ, ಅದಕ್ಕೆ ಬೇಕಾದಷ್ಟು ದಿನ ಕಾಯಿರಿ.