ಮೂವತ್ತೈದು ದಿನ

2020ರ ಆಗಸ್ಟ್ ತಿಂಗಳ ಒಂದು ಸೋಮವಾರ, ತಮ್ಮನ ಕಪ್ಪು ಟ್ರಂಕಿನಿಂದ ಡಿಸ್ಚಾರ್ಜ್ ಬುಕ್ಕನ್ನೂ ಮೆಡಿಕಲ್ ಬೋರ್ಡಿನ ಕಾಗದಗಳನ್ನೂ ತೆಗೆದು, ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಕೊಂಡು, ನಾವಿಬ್ಬರೂ ಬೆಳಗಿನ ಮೊದಲ ಬಸ್ಸಿಗೆ ಜಿಲ್ಲಾ ಕೇಂದ್ರಕ್ಕೆ ಹೊರಟೆವು. ಹತ್ತು ವರ್ಷದ ಸೇವೆ ತುಂಬುವ ಮೊದಲೇ ಅನಾರೋಗ್ಯದ ಕಾರಣಕ್ಕೆ ಸೈನ್ಯ ಬಿಡಬೇಕಾಗಿ ಬಂದವರಿಗೂ ಇನ್ನು ಮುಂದೆ ಇನ್‌ವ್ಯಾಲಿಡ್ ಪಿಂಚಣಿ ಸಿಗುತ್ತದೆಂಬ ಸುದ್ದಿ ಜುಲೈ ಮಧ್ಯದಲ್ಲಿ ಪತ್ರಿಕೆಯಲ್ಲಿ ಬಂದಿತ್ತು. ಅಲ್ಲಿಯವರೆಗೆ ಅಂಥವರ ಪಾಲಿಗೆ ಇದ್ದದ್ದು ಒಂದೇ ಸಲ ಕೊಡುವ ಗ್ರಾಚ್ಯುಟಿ ಮಾತ್ರ. ತಮ್ಮನ ಸೇವೆ ಎಂಟು ವರ್ಷ ಏಳು ತಿಂಗಳು. ಏಳನೆಯ ವರ್ಷದಲ್ಲಿ, ರಾತ್ರಿ ಪಾಳಿಯಲ್ಲಿದ್ದಾಗ, ಅವನಿಗೆ ಮೊದಲ ಬಾರಿ ಮೂರ್ಛೆ ಬಂದಿತ್ತು.

ಸೈನಿಕ ಕಲ್ಯಾಣ ಕಚೇರಿಯ ಮೇಜಿನ ಹಿಂದೆ ಕುಳಿತಿದ್ದ ಹಿರಿಯರು ಸ್ವತಃ ನಿವೃತ್ತ ಹವಾಲ್ದಾರರು. ಕಾಗದಗಳನ್ನು ಒಂದೊಂದಾಗಿ ತಿರುವಿ, ಬಿಡುಗಡೆಯ ದಿನ 30 ನವೆಂಬರ್ 2018 ಎಂದಿದ್ದ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಸುಮ್ಮನಿದ್ದರು. “ತಾರೀಖಿನ್ಯಾಗ ಕೂಡೂದಿಲ್ಲ ನೋಡವಾ ತಂಗೀ,” ಎಂದರು. 2019ರ ಜನವರಿ 4ರಂದು ಅಥವಾ ಆನಂತರ ಸೇವೆಯಲ್ಲಿದ್ದವರಿಗೆ ಮಾತ್ರ ಆ ಆದೇಶ ಅನ್ವಯಿಸುತ್ತಿತ್ತು. ನಾನು ಬೆರಳೆಣಿಸಿ ಲೆಕ್ಕ ಹಾಕಿದೆ: ಮೂವತ್ತೈದು ದಿನ.

ತಾರೀಖು ಕೂಡಿಬಂದಿದ್ದರೂ ಇನ್ನೊಂದು ಷರತ್ತು ಇತ್ತು. ಸೈನ್ಯದ ಕೆಲಸಕ್ಕಷ್ಟೇ ಅಲ್ಲ, ಹೊರಗಿನ ಯಾವುದೇ ನೌಕರಿಗೂ ಶಾಶ್ವತವಾಗಿ ಅಸಮರ್ಥನೆಂದು ಸಾಬೀತಾಗಬೇಕು. ನನ್ನ ತಮ್ಮ ದುಡಿಯಬಲ್ಲ, ದುಡಿಯಬೇಕೆಂಬ ಹಂಬಲವೂ ಅವನಿಗಿದೆ. ಹಾಗಾದರೆ ನೌಕರಿಯಲ್ಲಾದರೂ ಮೀಸಲಾತಿ ಇದೆಯಲ್ಲ ಎಂದು ಕೇಳಿದೆ. ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ. 10, ಗ್ರೂಪ್ ಡಿ ಹುದ್ದೆಗಳಲ್ಲಿ ಶೇ. 20 ಮಾಜಿ ಸೈನಿಕರಿಗೆ ಮೀಸಲಿರುವುದು ನನಗೆ ತಿಳಿದಿತ್ತು. ಆದರೆ ಆ ನಿಯಮದಲ್ಲಿ ಮಾಜಿ ಸೈನಿಕನೆನ್ನಿಸಿಕೊಳ್ಳಬೇಕಾದರೆ ಸಾಮಾನ್ಯವಾಗಿ ಪಿಂಚಣಿ ಗಳಿಸಿ ಹೊರಬಂದಿರಬೇಕು, ವೈದ್ಯಕೀಯ ಕಾರಣಕ್ಕೆ ಬಂದವನಾದರೆ ಅಂಗವೈಕಲ್ಯ ಪಿಂಚಣಿಯಾದರೂ ಮಂಜೂರಾಗಿರಬೇಕು. ತಮ್ಮನ ಕಾಯಿಲೆ ‘ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ’ ಎಂದು ಬೋರ್ಡು ಬರೆದಿತ್ತು. ಆ ಒಂದು ಸಾಲಿನಿಂದ ಪಿಂಚಣಿ ಹೋಯಿತು, ಪಿಂಚಣಿಯ ಜೊತೆಗೆ ಮಾಜಿ ಸೈನಿಕನೆಂಬ ಗುರುತೂ ಹೋಯಿತು. ಎಂಟೂವರೆ ವರ್ಷ ಸಮವಸ್ತ್ರ ತೊಟ್ಟವನನ್ನು ಕರೆಯಲು ಸರ್ಕಾರದ ಬಳಿ ಒಂದು ಹೆಸರೇ ಇಲ್ಲವೆನ್ನುವುದು ನನಗೆ ಹಣಕ್ಕಿಂತ ಹೆಚ್ಚು ನೋವು ಕೊಟ್ಟಿತು. ಈ ಸವಲತ್ತುಗಳ ಅರ್ಹತೆಯನ್ನು ವಿಸ್ತರಿಸುವಾಗ ಮೊದಲು ಸೇರಿಸಿಕೊಳ್ಳಬೇಕಾದವರು ಇಂಥವರೇ ಎಂದು ನಾನು ಅಂದೂ ನಂಬಿದ್ದೆ, ಇಂದೂ ನಂಬಿದ್ದೇನೆ.

“ಅಕ್ಕಾ, ನಡಿ, ಬಸ್ಸು ಹೋಗತೈತಿ,” ಎಂದು ತಮ್ಮ ಎದ್ದು ನಿಂತಿದ್ದ. ಹವಾಲ್ದಾರರು ಅವನನ್ನು ಕೈಹಿಡಿದು ಕೂರಿಸಿದರು. ಮೂರ್ಛೆರೋಗದ ಕಾರಣಕ್ಕೇ, ಒಂಬತ್ತು ವರ್ಷಗಳ ಸೇವೆಯ ನಂತರ, ಇದೇ ಮಾತು ಬರೆಸಿಕೊಂಡು ಹೊರಬಂದಿದ್ದ ಧರಮ್‌ವೀರ್ ಸಿಂಗ್ ಎಂಬ ಯೋಧರ ಪ್ರಕರಣವನ್ನು ಅವರು ವಿವರಿಸಿದರು. ಭರ್ತಿಯ ಸಮಯದಲ್ಲಿ ಕಾಯಿಲೆಯನ್ನು ದಾಖಲಿಸಿರದಿದ್ದರೆ ಅದು ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು, ಹಾಗಲ್ಲವೆಂದು ರುಜುವಾತುಪಡಿಸುವ ಹೊಣೆ ಸರ್ಕಾರದ್ದು, ಸೈನಿಕನದಲ್ಲ ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಆ ಪ್ರಕರಣದಲ್ಲಿ ಹೇಳಿದೆ.

ನಾವು ಭರ್ತಿಯ ದಿನದ ವೈದ್ಯಕೀಯ ತಪಾಸಣೆಯ ಹಾಳೆಯನ್ನು ಹುಡುಕಿ ತೆಗೆದೆವು. ಮಡಿಕೆಯಲ್ಲಿ ಹರಿದಿದ್ದರೂ ಅಕ್ಷರ ಸ್ಪಷ್ಟವಾಗಿತ್ತು: ಯಾವ ಕಾಯಿಲೆಯೂ ಇಲ್ಲ, ಸೇವೆಗೆ ಯೋಗ್ಯ. ಹವಾಲ್ದಾರರು ಬಿಳಿ ಹಾಳೆಯೊಂದನ್ನು ನನ್ನ ಮುಂದಿಟ್ಟು ಮೇಲ್ಮನವಿಯ ಒಕ್ಕಣೆ ಹೇಳತೊಡಗಿದರು. ನಾನು ಬರೆದೆ. ಕೊನೆಗೆ ತಮ್ಮ ತನ್ನ ಸೈನ್ಯದ ನಂಬರನ್ನು ಮೊದಲು ಬರೆದು, ಅದರ ಕೆಳಗೆ ಸಹಿ ಹಾಕಿದ.