ತಂಬಿಟ್ಟಿನ ಮನೆ: ಒಂದು ಬಾಲ್ ಪೈಥಾನ್, ಐದು ತಿಂಗಳ ಟಿಪ್ಪಣಿ

ಅಕ್ಟೋಬರ್ 6, 2024

ಹಾವು ಮನೆಗೆ ಬಂತು, ಬಾಲ್ ಪೈಥಾನ್ ಅನ್ನೋ ಆಫ್ರಿಕಾದ ಸಣ್ಣ ಹೆಬ್ಬಾವು. ನನ್ನ ಜೊತೆ ಕೆಲಸ ಮಾಡುವವರೊಬ್ಬರ ಮಗ ಕಾಲೇಜಿಗೆಂದು ಬೇರೆ ರಾಜ್ಯಕ್ಕೆ ಹೋದ. ಹಾಸ್ಟೆಲಿಗೆ ಹಾವು ಒಯ್ಯುವಂತಿಲ್ಲ. 'ಯಾರಿಗಾದರೂ ಬೇಕಾ' ಅಂತ ಅವರು ಕೇಳಿದಾಗ ನಾನು ಸುಮ್ನೆ 'ಎಷ್ಟು ಉದ್ದ ಇದೆ' ಅಂದಿದ್ದೆ, ಅಷ್ಟೇ. ಭಾನುವಾರ ಬೆಳಿಗ್ಗೆ ಗಾಜಿನ ತೊಟ್ಟಿಯ ಸಮೇತ ಬಾಗಿಲಿಗೆ ಬಂದಿಳಿಯಿತು.

ಗಂಡು, ಎರಡೂವರೆ ವರ್ಷ. ತಕ್ಕಡಿಯಲ್ಲಿ 612 ಗ್ರಾಂ, ಉದ್ದ ಹೆಚ್ಚುಕಡಿಮೆ ಮೂರಡಿ. ಹೆದರಿದರೆ ತಲೆಯನ್ನು ನಡುವೆ ಬಚ್ಚಿಟ್ಟುಕೊಂಡು ಮೈಯನ್ನೆಲ್ಲ ಸುತ್ತಿ ಚೆಂಡಿನ ಹಾಗೆ ಆಗುತ್ತದೆ. ಬಾಲ್ ಪೈಥಾನ್ ಅನ್ನೋ ಹೆಸರು ಅದರಿಂದಲೇ. ಬ್ರಿಟನ್ನಿನಲ್ಲಿ ಇದನ್ನೇ ರಾಯಲ್ ಪೈಥಾನ್ ಅನ್ನುತ್ತಾರೆ. ಕಂದು ಬಣ್ಣ, ಉಂಡೆ ಆಕಾರ. ಮಗಳು ನೋಡಿದ ಕೂಡಲೇ 'ತಂಬಿಟ್ಟು' ಅಂದಳು. ನಾಗರ ಪಂಚಮಿಗೆ ಅಜ್ಜಿ ಕಟ್ಟಿದ ಉಂಡೆ ಅವಳಿಗೆ ನೆನಪಿತ್ತು. ಹೆಸರು ಅದೇ ನಿಂತಿತು.

ನಾವಿರುವ ಅಮೆರಿಕದ ಒಹಾಯೋ ರಾಜ್ಯದ ಕಾನೂನು ನೋಡಿಕೊಂಡೆ. ಅನಕೊಂಡ, ಬರ್ಮೀಸ್ ಪೈಥಾನ್‌ನಂಥ ಭಾರಿ ಹಾವುಗಳು 12 ಅಡಿ ಮುಟ್ಟಿದರೆ ಪರ್ಮಿಟ್ ಬೇಕು. ತಂಬಿಟ್ಟು ನಾಲ್ಕಡಿ ಆದರೆ ಅದೇ ಜಾಸ್ತಿ. ಇವು ಚೆನ್ನಾಗಿ ನೋಡಿಕೊಂಡರೆ 20-30 ವರ್ಷ ಬದುಕುತ್ತವೆ ಅನ್ನೋ ಮಾತನ್ನು ಮಾತ್ರ ಹೆಂಡತಿಗೆ ಇನ್ನೂ ಹೇಳಿಲ್ಲ.

ಅಕ್ಟೋಬರ್ 8

ತೊಟ್ಟಿಯನ್ನು ಸರಿಯಾಗಿ ನೋಡಿದೆ. 20 ಗ್ಯಾಲನ್ ಗಾಜು, ಮೇಲೆ ಜಾಲರಿ ಮುಚ್ಚಳ, ಅದರ ಮೇಲೊಂದು ಕೆಂಪು ಬಲ್ಬು, ಕೆಳಗೆ ಬಿಸಿ ಮಾಡುವ ಹೀಟ್ ಮ್ಯಾಟ್. ಬಿಸಿಯನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಇಲ್ಲವೇ ಇಲ್ಲ. ಗಾಜಿಗೆ ಅಂಟಿಸಿದ ಮುಳ್ಳಿನ ಮೀಟರು 29 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇಕಡಾ 60 ಅಂತ ತೋರಿಸುತ್ತಿತ್ತು. ನೋಡಿದರೆ ಎಲ್ಲ ಸರಿಯಾಗಿದೆ ಅನ್ನಿಸಬೇಕು.

ಮರದ ಸಿಪ್ಪೆ ಸರಿಸಿ ಮ್ಯಾಟ್ ಮೇಲಿನ ಗಾಜಿಗೆ, ಮುಟ್ಟದೆಯೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ ಹಿಡಿದೆ. 46 ಡಿಗ್ರಿ! ಡಿಜಿಟಲ್ ಮೀಟರಿನಲ್ಲಿ ತೇವಾಂಶ 31. ಅಂದರೆ ಕೆಳಗೆ ದೋಸೆ ಕಾವಲಿ, ಮೇಲೆ ಒಣ ಗಾಳಿ. ಹೊಟ್ಟೆಯ ಮೂರು ಹುರುಪೆ ಕಂದುಗಟ್ಟಿತ್ತು. ಎರಡೂ ಕಣ್ಣಿನ ಮೇಲೆ ಹಳೇ ಪೊರೆ ಅಂಟಿಕೊಂಡಿತ್ತು, ಬಾಲದ ತುದಿಯಲ್ಲೂ ಉಂಗುರದ ಹಾಗೆ ಒಂದು ಚೂರು.

ಸರೀಸೃಪ ನೋಡುವ ಪಶುವೈದ್ಯರ (ವೆಟ್) ಹತ್ತಿರ ಹೋದೆ. ಸುಟ್ಟಿದ್ದು ಹಳೆಯದು, ವಾಸಿಯಾಗುತ್ತಿದೆ ಅಂದರು. ಕಣ್ಣಿನ ಪೊರೆಯನ್ನು ಚಿಮಟದಿಂದ ಎಳೆಯಲೇಬೇಡಿ, ಕೆಳಗಿನ ಪದರವೂ ಕಿತ್ತು ಬಂದರೆ ಕಣ್ಣೇ ಹೋಗುತ್ತದೆ, ತೇವ ಸರಿ ಮಾಡಿ, ಮುಂದಿನ ಸಲ ಪೊರೆ ಬಿಡುವಾಗ ಅದರ ಜೊತೆಗೇ ಬರುತ್ತದೆ ಅಂದರು. ಕತ್ತಿನ ಹತ್ತಿರ ಒಂದು ಗಾಯದ ಗುರುತೂ ಇದೆ. ಹುಡುಗ ಜೀವಂತ ಇಲಿ ಬಿಡುತ್ತಿದ್ದನಂತೆ. ಇಲಿಯೂ ಕಚ್ಚುತ್ತದೆ, ಅಲ್ವಾ.

ಅಕ್ಟೋಬರ್ 13

ಹೊಸ ಮನೆ ಬಂತು. ಪಿವಿಸಿ ಹಲಗೆಯದು, ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ, ಮುಂದೆ ಜಾರುವ ಗಾಜು. ಜೋಡಿಸಲು ಮೂರು ಗಂಟೆ ಹಿಡಿಯಿತು. ಒಂದು ಹಲಗೆಯನ್ನು ತಿರುವುಮುರುವು ಹಾಕಿದ್ದಕ್ಕೆ ಇನ್ನೊಂದು ಗಂಟೆ. ಗಾಜಿನ ತೊಟ್ಟಿಯ ಜಾಲರಿಯಲ್ಲಿ ತೇವವೆಲ್ಲ ಹಾರಿಹೋಗುತ್ತದೆ, ಪಿವಿಸಿ ಅದನ್ನು ಹಿಡಿದಿಡುತ್ತದೆ.

ಚಾವಣಿಗೆ 80 ವ್ಯಾಟಿನ ರೇಡಿಯಂಟ್ ಹೀಟ್ ಪ್ಯಾನೆಲ್ ಹಾಕಿದೆ. ಬೆಳಕಿಲ್ಲ, ಬರೀ ಬಿಸಿ. ಕೆಂಪು ಬಲ್ಬು ಕಸಕ್ಕೆ ಹೋಯಿತು. ಗುರಿ ಇಷ್ಟು: ಬಲಗಡೆ ಬೆಚ್ಚನೆಯ ಜಾಗ 31-32 ಡಿಗ್ರಿ, ಎಡಗಡೆ ತಂಪು 25-26, ತೇವಾಂಶ 60ರಿಂದ 70. ಹಾವಿಗೆ ಮೈಯೊಳಗೆ ಕಾವು ಹುಟ್ಟುವುದಿಲ್ಲ. ಬೇಕಾದಾಗ ಬಿಸಿಗೆ, ಸಾಕಾದಾಗ ತಂಪಿಗೆ ಅದೇ ಓಡಾಡಬೇಕು. ಇಡೀ ಪೆಟ್ಟಿಗೆ ಒಂದೇ ಬಿಸಿ ಇದ್ದರೆ ಪ್ರಯೋಜನವಿಲ್ಲ.

ನೆಲಕ್ಕೆ ತೆಂಗಿನ ಸಿಪ್ಪೆಯ ಚೂರು ಮತ್ತು ನಾರಿನ ಪುಡಿ, ನಾಲ್ಕು ಇಂಚು ದಪ್ಪ. ಇಟ್ಟಿಗೆಯ ಹಾಗೆ ಒತ್ತಿ ಬರುತ್ತದೆ, ನೀರಿಗೆ ಹಾಕಿದರೆ ಉಬ್ಬುತ್ತದೆ. ತಿಪಟೂರಿನ ಕಡೆ ರಾಶಿ ರಾಶಿ ಬಿದ್ದಿರೋ ನಾರಿಗೆ ಇಲ್ಲಿ ಡಾಲರ್ ಎಣಿಸುವಾಗ ಸ್ವಲ್ಪ ಹೊಟ್ಟೆ ಉರಿಯಿತು. ಸೀಡರ್ ಮರದ ಪುಡಿ ಮಾತ್ರ ಬೇಡವೇ ಬೇಡ, ಅದರ ಎಣ್ಣೆ ಹಾವಿನ ಉಸಿರಾಟಕ್ಕೆ ಕೆಟ್ಟದ್ದು.

ಅಡಗುವ ಜಾಗಕ್ಕೆ ಸಾಕುಪ್ರಾಣಿ ಅಂಗಡಿಯೊಂದರಲ್ಲಿ ದೊಡ್ಡ ಗುಹೆಯಂಥ ರಾಳದ (ರೆಸಿನ್) ಕೃತಕ ಬಂಡೆ ತಂದಿದ್ದೆ. 38 ಡಾಲರ್. ತಂಬಿಟ್ಟು ಒಳಗೆ ಹೋಗಿ ಒಂದು ಸುತ್ತು ಬಂದು ಹೊರಗೆ ಬಂತು. ರಾತ್ರಿಯೆಲ್ಲ ಗಾಜಿಗೆ ಮೂಗು ಉಜ್ಜಿತು. ಆಮೇಲೆ ಎರಡು ಕಪ್ಪು ಪ್ಲಾಸ್ಟಿಕ್ ಡಬ್ಬ ಬೋರಲು ಹಾಕಿ, ಬಾಗಿಲಿನಷ್ಟು ತೂತು ಕೊರೆದು, ಅಂಚನ್ನು ಉಪ್ಪುಕಾಗದದಿಂದ ಉಜ್ಜಿದೆ. ಬಿಸಿ ಕಡೆಗೊಂದು, ತಂಪು ಕಡೆಗೊಂದು, ಎರಡೂ ಒಂದೇ ತರಹದ್ದು. ಖರ್ಚು ಐದು ಡಾಲರ್. ಹತ್ತೇ ನಿಮಿಷದಲ್ಲಿ ಒಳಗೆ ಹೋಗಿ ಕೂತಿತು. ಮೈ ನಾಲ್ಕೂ ಕಡೆ ತಾಗುವಷ್ಟು ಇಕ್ಕಟ್ಟು ಇರಬೇಕು, ಅದೇ ಅದಕ್ಕೆ ನೆಮ್ಮದಿ. ಆಫ್ರಿಕಾದಲ್ಲಿ ಇವು ಇಲಿ ಬಿಲದಲ್ಲಿ, ಗೆದ್ದಲ ಹುತ್ತದಲ್ಲಿ ಹಗಲು ಕಳೆಯುತ್ತವೆ. ನಮ್ಮೂರ ಹುತ್ತದ ಲೆಕ್ಕವೇ ಇಟ್ಟುಕೊಂಡಿದ್ದರೆ 38 ಡಾಲರ್ ಉಳಿಯುತ್ತಿತ್ತು.

ಅಕ್ಟೋಬರ್ 20

ಫ್ರೀಜರ್ ಪ್ರಕರಣ. ನಮ್ಮದು ಮೊಟ್ಟೆಯನ್ನೂ ತಿನ್ನದ ಮನೆ. ಫ್ರೀಜರಿನಲ್ಲಿ ತೆಂಗಿನ ತುರಿ, ಹಿತಕಿದ ಅವರೆಬೇಳೆ ಇರುತ್ತದೆ. ಅದರ ಪಕ್ಕ ಇಲಿ ಇಟ್ಟರೆ ನಾನು, ಹಾವು ಇಬ್ಬರೂ ಗ್ಯಾರೇಜಿಗೆ ಅಂತ ಹೆಂಡತಿ ತೀರ್ಪು ಕೊಟ್ಟಳು. ನ್ಯಾಯವಾದ ಮಾತು. ಗ್ಯಾರೇಜಿಗೆ ಒಂದು ಪುಟ್ಟ ಫ್ರೀಜರ್ ತಂದೆ. ಇಲಿಗೆಂದೇ ಬೇರೆ ಬಕೆಟ್, ಬೇರೆ ಇಕ್ಕಳ, ಬೇರೆ ತಕ್ಕಡಿ. ಹಾವನ್ನು ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯದೆ ಯಾರೂ ಏನನ್ನೂ ಮುಟ್ಟುವಂತಿಲ್ಲ. ಸಾಲ್ಮೊನೆಲ್ಲಾ ಅನ್ನೋ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ತಮಾಷೆಯಲ್ಲ.

ಹೆಪ್ಪುಗಟ್ಟಿದ 20 ಇಲಿ ಬಂದಿವೆ, ಒಂದೊಂದೂ 50-60 ಗ್ರಾಂ. ಈ ವಯಸ್ಸಿಗೆ ಅದರ ತೂಕದ ಹತ್ತನೇ ಒಂದು ಭಾಗದ ಒಳಗಿನ ಇಲಿ, ಎರಡು ವಾರಕ್ಕೊಂದು ಸಾಕು. ವಾರಕ್ಕೊಂದು ಕೊಟ್ಟರೆ ಬೊಜ್ಜು ಬರುತ್ತದೆ.

ಇವತ್ತು ಮೊದಲ ಪ್ರಯತ್ನ. ಬರಲಿಲ್ಲ. (ಆಮೇಲೆ ಸೇರಿಸಿದ್ದು) 27ಕ್ಕೆ ಮತ್ತೆ ಕೊಟ್ಟೆ, ಮೂಸಿ ಮುಖ ತಿರುಗಿಸಿತು. ಇಲಿ ಒದ್ದೆಯಾಗಿತ್ತು, ಸರಿಯಾಗಿ ಬಿಸಿಯೂ ಇರಲಿಲ್ಲ.

ನವೆಂಬರ್ 2

ಇದನ್ನು ಬರೆಯಲು ನಾಚಿಕೆ. ದೀಪಾವಳಿಗೆ ಮನೆ ತುಂಬ ನೆಂಟರು, ಹಾವಿನ ಕೋಣೆ ಬಾಗಿಲು ಹಾಕಿಟ್ಟಿದ್ದೆ. ಬೆಳಿಗ್ಗೆ ಹೋಗಿ ನೋಡಿದರೆ ಪೆಟ್ಟಿಗೆಯ ಬಲಗಡೆ 40 ಡಿಗ್ರಿ. ತಂಬಿಟ್ಟು ಎಡಗಡೆಯ ಮೂಲೆಗೆ ಒತ್ತಿಕೊಂಡು ಬಿದ್ದಿದೆ.

ಥರ್ಮೋಸ್ಟಾಟಿನ ಪ್ರೋಬನ್ನು, ಅಂದರೆ ಬಿಸಿ ಅಳೆಯುವ ವೈರಿನ ತುದಿಯನ್ನು, ಒತ್ತಿದರೆ ಅಂಟಿಕೊಳ್ಳುವ ರಬ್ಬರ್ ಹಿಡಿಯಿಂದ (ಸಕ್ಷನ್ ಕಪ್) ಗೋಡೆಗೆ ಅಂಟಿಸಿದ್ದೆ. ತೇವಕ್ಕೆ ಅದು ಕಳಚಿ, ವೈರಿನ ಸಮೇತ ಜಾರಿ, ನೆಟ್ಟಗೆ ನೀರಿನ ಬೋಗುಣಿಯೊಳಗೆ ಬಿದ್ದಿದೆ. ನೀರು ತಣ್ಣಗೆ. ಥರ್ಮೋಸ್ಟಾಟ್ ಪಾಪ, ಚಳಿ ಚಳಿ ಅಂತ ರಾತ್ರಿಯಿಡೀ ಪ್ಯಾನೆಲನ್ನು ಪೂರ್ತಿ ಉರಿಸಿದೆ. ಹಳೇ ತೊಟ್ಟಿಯಷ್ಟೇ ಜಾಗ ಇದ್ದಿದ್ದರೆ ಹಾವಿಗೆ ಓಡಲು ಎಲ್ಲಿಯೂ ಜಾಗ ಇರುತ್ತಿರಲಿಲ್ಲ.

ಈಗ ಪ್ರೋಬನ್ನು ಕ್ಲಿಪ್ಪಿನಲ್ಲಿ ಹಿಡಿದು ಸ್ಕ್ರೂ ಹೊಡೆದಿದ್ದೇನೆ. ಬೋಗುಣಿ ಅದರಿಂದ ಒಂದಡಿ ದೂರ. ಇನ್ನೊಂದು ಬೇರೆ ಥರ್ಮಾಮೀಟರ್ ಇಟ್ಟಿದ್ದೇನೆ, 35 ದಾಟಿದರೆ ಫೋನಿಗೆ ಅಲಾರಂ ಬರುತ್ತದೆ. ರಬ್ಬರ್ ಹಿಡಿ ನಂಬಬೇಡಿ. ಅಂಟು ಟೇಪಂತೂ ಒಳಗೆ ಬೇಡವೇ ಬೇಡ, ಹಾವಿನ ಮೈಗೆ ಅಂಟಿದರೆ ಚರ್ಮ ಕಿತ್ತು ಬರುತ್ತದೆ.

ಇನ್ನು ಒಂದು ವಾರ ಅದನ್ನು ಮುಟ್ಟುವುದಿಲ್ಲ, ಇಲಿಯನ್ನೂ ಕೊಡುವುದಿಲ್ಲ. ನೀರು ಬದಲಿಸಿ ಬಾಗಿಲು ಹಾಕಿಕೊಂಡು ಬರುವುದು ಅಷ್ಟೇ.

ನವೆಂಬರ್ 10

ತಿಂದಿತು!

ಹೇಗೆ ಅಂತ ವಿವರವಾಗಿ ಬರೆದಿಡುತ್ತೇನೆ. ಹಿಂದಿನ ರಾತ್ರಿ ಇಲಿಯನ್ನು ಜಿಪ್ ಚೀಲದಲ್ಲಿ ಹಾಕಿ, ಐಸ್ ಇಟ್ಟ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ನಿಧಾನವಾಗಿ ಕರಗಿಸಿದೆ. ಸಂಜೆ ಚೀಲದ ಸಮೇತ 40 ಡಿಗ್ರಿಯ ನೀರಿನಲ್ಲಿ ಇಪ್ಪತ್ತು ನಿಮಿಷ. ಮೈಕ್ರೋವೇವ್ ಮಾಡಬಾರದು, ಒಳಗೆ ಬೆಂದು ಒಡೆಯುತ್ತದೆ. ಈ ಸಲ ಇಲಿ ಒದ್ದೆಯಾಗಲು ಬಿಡಲಿಲ್ಲ. ಕೊನೆಗೆ ಹಳೇ ಹೇರ್ ಡ್ರೈಯರಿನಿಂದ ಇಲಿಯ ತಲೆಯನ್ನು ಮಾತ್ರ ಇನ್ನಷ್ಟು ಬಿಸಿ ಮಾಡಿದೆ. ಈ ಹಾವಿನ ಮೇಲ್ದುಟಿಯ ಉದ್ದಕ್ಕೂ ಪುಟ್ಟ ಗುಳಿಗಳಿವೆ, ಅವುಗಳಲ್ಲಿ ಅದು ಬಿಸಿಯನ್ನು 'ನೋಡುತ್ತದೆ'. ಮೈಗಿಂತ ತಲೆ ಬಿಸಿ ಇದ್ದರೆ ಸರಿಯಾಗಿ ತಲೆಗೇ ಗುರಿ ಇಡುತ್ತದೆ.

ರಾತ್ರಿ ಒಂಬತ್ತು. ಕೋಣೆ ಕತ್ತಲು, ಹೊರಗಿನ ಪಡಸಾಲೆಯ ದೀಪವೊಂದೇ. ಡಬ್ಬದ ತೂತಿನಿಂದ ಮೂಗಿನಷ್ಟು ಮಾತ್ರ ಹೊರಗಿತ್ತು. ಉದ್ದನೆಯ ಇಕ್ಕಳದಲ್ಲಿ ಇಲಿಯನ್ನು ಹಿಡಿದು ಒಂದು ಗೇಣು ದೂರದಲ್ಲಿ ಮೆಲ್ಲಗೆ ಅಲ್ಲಾಡಿಸಿದೆ. ನಾಲಿಗೆ ಒಂದು ಸಲ ಬಂತು. ಎರಡು ಸಲ. ಆಮೇಲೆ ನಿಂತೇಹೋಯಿತು. ಕತ್ತು ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಹಿಂದಕ್ಕೆ ಮಡಚಿತು. ನನ್ನ ಕೈ ಸೋಲುತ್ತಿತ್ತು. ಕೆಳಗಿಳಿಸೋಣ ಅಂದುಕೊಂಡೆ, ಅಷ್ಟರಲ್ಲಿ ಇಕ್ಕಳ ಕೈಯಲ್ಲಿ ಟಕ್ ಅಂತ ಅದುರಿತು. ಹಾರಿದ್ದು ಕಣ್ಣಿಗೆ ಕಾಣಲೇ ಇಲ್ಲ. ನೋಡುವಾಗ ಇಲಿಗೆ ಮೂರು ಸುತ್ತು ಬಿದ್ದಿತ್ತು.

ಸತ್ತ ಇಲಿಯನ್ನೇ ಹದಿಮೂರು ನಿಮಿಷ ಬಿಗಿ ಹಿಡಿದಿತ್ತು. ಆಮೇಲೆ ಸುತ್ತು ಸಡಿಲಿಸಿ, ಮೂಗಿನಿಂದ ತಡಕಾಡಿ ತಲೆ ಹುಡುಕಿ, ಎಡ ದವಡೆ ಒಂದು ಹೆಜ್ಜೆ, ಬಲ ದವಡೆ ಒಂದು ಹೆಜ್ಜೆ. ಕೊನೆಗೆ ಬಾಲ ಮಾತ್ರ ಶಾವಿಗೆ ಎಳೆಯ ಹಾಗೆ ಒಳಗೆ ಹೋಯಿತು. ಎರಡು ಸಲ ಆಕಳಿಸಿ ದವಡೆ ಸರಿ ಮಾಡಿಕೊಂಡಿತು. ಇನ್ನು 48 ಗಂಟೆ ಯಾರೂ ಎತ್ತಿಕೊಳ್ಳುವಂತಿಲ್ಲ, ಕಕ್ಕಿಬಿಡುತ್ತದೆ.

ಹೆಂಡತಿ ಬಾಗಿಲ ಸಂದಿಯಿಂದ ಪೂರ್ತಿ ನೋಡಿದಳು. ನೋಡಲಿಲ್ಲ ಅಂತಾಳೆ.

ಡಿಸೆಂಬರ್ 7

ನವೆಂಬರ್ 24ಕ್ಕೆ ಇನ್ನೊಂದು ಇಲಿ ಹೋಯಿತು. 30ರಂದು ತೂಕ 655. ಇವತ್ತು ಮೂರನೆಯದು ಕೊಡೋಣ ಅಂತಿದ್ದೆ. ಬೆಳಿಗ್ಗೆ ಅಮ್ಮ ಹಾಸನದಿಂದ ವಿಡಿಯೋ ಕರೆ ಮಾಡಿ, 'ಇವತ್ತು ಸುಬ್ರಹ್ಮಣ್ಯ ಷಷ್ಠಿ ಕಣೋ, ಇವತ್ತೊಂದು ದಿನ ಅದಕ್ಕೆ ಇಲಿ ಗಿಲಿ ಕೊಡಬೇಡ' ಅಂದರು. ಹಾಲು ಕೊಡು ಅಂತಲೂ ಅಂದರು. ಹಾವು ಹಾಲು ಕುಡಿಯಲ್ಲ, ನೀರು ಸಾಕು ಅಂದೆ. ಕೇಳಿಸಿಕೊಳ್ಳಲಿಲ್ಲ.

ಇಲಿ ಆಗಲೇ ಕರಗಿತ್ತು, ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸುವಂತಿಲ್ಲ. ಕೊಟ್ಟೆ. ತಂಬಿಟ್ಟು ಹಿಂದೆ ಸರಿಯಿತು. 'ನೋಡಿದ್ಯಾ, ಅದಕ್ಕೆ ಇರೋ ಬುದ್ಧಿ ನಿನಗಿಲ್ಲ' ಅಂತ ಅಮ್ಮ. ಗಂಡು ಬಾಲ್ ಪೈಥಾನ್‌ಗಳು ಚಳಿಗಾಲದಲ್ಲಿ ತಿಂಗಳುಗಟ್ಟಲೆ ಉಪವಾಸ ಮಾಡುವುದು ಮಾಮೂಲು ಅಂತ ಹೇಳಿದರೆ ಷಷ್ಠಿಯ ಮುಂದೆ ಅದು ನಿಲ್ಲುತ್ತದೆಯೇ?

ಅಮ್ಮನಿಗೆ ಬೆನಿನ್ ದೇಶದ ಉಯಿಡಾ ಊರಿನ ಕಥೆ ಹೇಳಿದೆ. ಅಲ್ಲಿ ಹೆಬ್ಬಾವುಗಳ ಗುಡಿ ಇದೆ, ಅದರೊಳಗೆ ಇರುವುದು ಇದೇ ಜಾತಿಯ ಹಾವುಗಳು. ಆಗಾಗ ಹೊರಗೆ ಬಿಡುತ್ತಾರೆ, ಯಾರ ಮನೆಗಾದರೂ ನುಗ್ಗಿದರೆ ಮರ್ಯಾದೆಯಿಂದ ಗುಡಿಗೆ ತಂದು ಬಿಡುತ್ತಾರೆ. ಆ ಕಥೆ ಕೇಳಿದ ಮೇಲೆ ಅಮ್ಮ ಅದನ್ನು 'ಅವನು' ಅನ್ನತೊಡಗಿದ್ದಾರೆ.

ಊರಲ್ಲಿರೋ ಅಣ್ಣನ ಮಗ ನನಗೂ ಒಂದು ಬೇಕು ಅಂತಿದ್ದಾನೆ. ಊರಿನ ಹೆಬ್ಬಾವು, ಮಣ್ಣುಮುಕ್ಕ ಇಟ್ಟುಕೊಂಡರೆ 1972ರ ವನ್ಯಜೀವಿ ಕಾಯ್ದೆಯಡಿ ಜೈಲು. ಬಾಲ್ ಪೈಥಾನ್ ವಿದೇಶಿ ಜೀವಿ, ಅದಕ್ಕೂ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಣಿ ಬೇಕು. ಮೊದಲು ಆ ಕಾಗದಪತ್ರ ನೋಡು, ಆಮೇಲೆ ಹಾವು ಅಂದಿದ್ದೇನೆ.

ಜನವರಿ 5, 2025

ಹೊರಗೆ ಹಿಮ, ಒಳಗೆ ಹೀಟರ್. ಕೋಣೆಯ ತೇವಾಂಶ 22ಕ್ಕೆ ಇಳಿದಿದೆ, ಪೆಟ್ಟಿಗೆಯಲ್ಲೂ 45 ಆಗಿತ್ತು. ಅರ್ಧ ಗಾಳಿಕಿಂಡಿ ಮುಚ್ಚಿದೆ. ನಾರಿನ ನಾಲ್ಕು ಮೂಲೆಗೆ ಒಂದೊಂದು ಲೋಟ ನೀರು ಸುರಿದೆ. ಮೇಲೆ ಚಿಮುಕಿಸುವುದು ದಂಡ, ಎರಡು ಗಂಟೆಯಲ್ಲಿ ಆರುತ್ತದೆ, ಹೊಟ್ಟೆಯಡಿ ಮಾತ್ರ ಒದ್ದೆಯಾಗಿ ಹುರುಪೆ ಕೊಳೆಯುತ್ತದೆ. ತಳ ಒದ್ದೆ, ಮೇಲ್ಪದರ ಒಣ, ಹಾಗಿರಬೇಕು. ಈಗ 68ರಲ್ಲಿ ನಿಂತಿದೆ.

ಡಿಸೆಂಬರ್ 28ರಿಂದ ಕಣ್ಣು ನೀಲಿಗಟ್ಟಿ ಮಂಜಾಗಿತ್ತು, ಪೊರೆ ಬಿಡುವ ಸೂಚನೆ. ಇವತ್ತು ಬೆಳಿಗ್ಗೆ ಬಿಸಿ ಡಬ್ಬದ ಪಕ್ಕ ಪೊರೆ ಬಿದ್ದಿತ್ತು. ಒಂದೇ ತುಂಡು, ಕಾಲುಚೀಲ ಕಳಚಿದ ಹಾಗೆ ಒಳಹೊರಗಾಗಿ. ಮೊದಲು ತಲೆಯ ಕಡೆ ಬೆಳಕಿಗೆ ಹಿಡಿದು ನೋಡಿದೆ. ಎರಡು ಕಣ್ಣಿನ ಜಾಗದಲ್ಲೂ ಗುಂಡನೆಯ ಪಾರದರ್ಶಕ ಬಿಲ್ಲೆ, ಒಂದೊಂದರಲ್ಲೂ ಎರಡೆರಡು ಪದರ. ಹಳೆಯದೂ ಬಂದಿದೆ! ಬಾಲದ ಉಂಗುರವೂ ಹೋಗಿದೆ. ಪೊರೆಯನ್ನು ಮಗಳು ಶಾಲೆಗೆ ಒಯ್ಯುತ್ತಾಳಂತೆ.

ಫೆಬ್ರವರಿ 16

ಹನ್ನೆರಡು ವಾರದ ಉಪವಾಸ ಮುಗಿಯಿತು. ನಿನ್ನೆ ತೂಕ 634, ಅಂದರೆ ಇಳಿದಿದ್ದು 21 ಗ್ರಾಂ ಮಾತ್ರ. ಹತ್ತನೇ ಒಂದು ಭಾಗ ಇಳಿದರೆ ವೆಟ್ ಹತ್ತಿರ ಹೋಗಬೇಕು ಅಂತ ಗೆರೆ ಹಾಕಿಕೊಂಡಿದ್ದೆ. ನಡುವೆ ಬರೀ ಮೂರು ಸಲ ಇಲಿ ತೋರಿಸಿದ್ದೆ. ದಿನಾ ತೋರಿಸಿ ಪೀಡಿಸಿದರೆ ಇನ್ನಷ್ಟು ಹಟ ಹಿಡಿಯುತ್ತದೆ.

ಇವತ್ತು ಇಕ್ಕಳ ಒಳಗೆ ಹೋಗುವ ಮೊದಲೇ ಅರ್ಧ ಮೈ ಹೊರಗೆ ಬಂದು ಕಾಯುತ್ತಿತ್ತು. ಈ ಸಲ ಇಲಿಯನ್ನು ಬಿಗಿ ಹಿಡಿದಿದ್ದು ಏಳೇ ನಿಮಿಷ.

ಬಾಕಿ ಕೆಲಸ: ಜಾರುವ ಗಾಜಿಗೆ ಬೀಗ, ಹತ್ತಿಕೊಂಡು ಮಲಗಲು ಒಂದು ದಪ್ಪ ಕೊಂಬೆ. 38 ಡಾಲರಿನ ಬಂಡೆಯ ಮೇಲೆ ಈಗ ಹೆಂಡತಿ ದೊಡ್ಡಪತ್ರೆ ಕುಂಡ ಇಟ್ಟಿದ್ದಾಳೆ. ಮುಂದಿನ ಇಲಿ ಮಾರ್ಚ್ 2ಕ್ಕೆ.